ಕಡಲ ವಿಷವೂ ಒಬ್ಬ ವಿಜ್ಞಾನಿಯ ಬಾಳೂ: ಶಾರ್ಲ್ ರಿಶೆ

ಪೆನ್ಸಿಲಿನ್ ಚುಚ್ಚುಮದ್ದು ಕೊಡುವ ಮುನ್ನ ವೈದ್ಯರು ರೋಗಿಯನ್ನು ಒಂದು ಪ್ರಶ್ನೆ ಕೇಳುತ್ತಾರೆ: ಈ ಔಷಧಿ ಹಿಂದೆ ಎಂದಾದರೂ ಮೈಗೆ ಒಗ್ಗದೆ ಹೋದದ್ದುಂಟೇ? ಈ ಪುಟ್ಟ ಪ್ರಶ್ನೆಗೆ ನಾವು ಹೆಚ್ಚಿನ ಮಹತ್ತ್ವ ಕೊಡುವುದಿಲ್ಲ. ಎಷ್ಟೋ ಬಾರಿ ಅವಸರದಲ್ಲಿ ಇಲ್ಲವೆಂದು ಹೇಳಿ ತೋಳು ಚಾಚುತ್ತೇವೆ. ಆದರೆ ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ; ಅಟ್ಲಾಂಟಿಕ್ ಸಾಗರದ ಮೇಲೆ ನಡೆದ ಒಂದು ಯಾನವಿದೆ; ಪ್ಯಾರಿಸ್ ನಗರದ ಪ್ರಯೋಗಶಾಲೆಯೊಂದರಲ್ಲಿ ಪ್ರಾಣಬಿಟ್ಟ ಒಂದು ನಾಯಿಯಿದೆ; ಆ ಸಾವಿನ ಅರ್ಥವನ್ನು ತಾಳ್ಮೆಯಿಂದ ಅರಸಿದ ಒಬ್ಬ ವಿಜ್ಞಾನಿಯಿದ್ದಾನೆ. ಆತನೇ ಫ್ರಾನ್ಸ್ ದೇಶದ ಶಾರ್ಲ್ ರಿಶೆ. ಆತನ ಬಾಳಿನಲ್ಲಿ ನಾವು ಕೃತಜ್ಞತೆಯಿಂದ ನೆನೆಯಬೇಕಾದದ್ದೂ ಇದೆ, ಎಚ್ಚರಿಕೆಯಿಂದ ಕಲಿಯಬೇಕಾದದ್ದೂ ಇದೆ. ಎರಡನ್ನೂ ಒಟ್ಟಿಗೆ ಹೇಳಿದಾಗ ಮಾತ್ರ ಆ ಬಾಳಿನ ಕಥೆ ಪೂರ್ಣವಾಗುತ್ತದೆ.

ರಿಶೆ 1850ರ ಆಗಸ್ಟ್ ತಿಂಗಳಿನಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದರು. ತಂದೆ ಆಲ್ಫ್ರೆಡ್ ರಿಶೆ ಪ್ಯಾರಿಸ್ ವೈದ್ಯಕೀಯ ವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರು. ಮನೆಯಲ್ಲಿ ಸಂಪತ್ತಿಗೂ ವಿದ್ಯೆಗೂ ಕೊರತೆಯಿರಲಿಲ್ಲ. ಮಗ ತಂದೆಯ ಹೆಜ್ಜೆಯಲ್ಲಿ ವೈದ್ಯಕೀಯವನ್ನು ಆರಿಸಿಕೊಂಡರೂ ಆತನ ಮನಸ್ಸು ಶಸ್ತ್ರಚಿಕಿತ್ಸೆಯಲ್ಲಿ ನೆಲೆಗೊಳ್ಳಲಿಲ್ಲ. ಜೀವಂತ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಆತನನ್ನು ಶರೀರಕ್ರಿಯಾಶಾಸ್ತ್ರದ ಕಡೆಗೆ ಸೆಳೆಯಿತು. ಜಠರದಲ್ಲಿ ಒಸರುವ ಆಮ್ಲದ ಸ್ವರೂಪವೇನು, ನಾಯಿ ಏದುಸಿರು ಬಿಡುತ್ತ ತನ್ನ ಮೈಯ ಬಿಸಿಯನ್ನು ಹೇಗೆ ತಗ್ಗಿಸಿಕೊಳ್ಳುತ್ತದೆ ಎಂಬಂಥ ಪ್ರಶ್ನೆಗಳಿಗೆ ಅವರು ಪ್ರಯೋಗಗಳಿಂದ ಉತ್ತರ ಹುಡುಕಿದರು. 1887ರಲ್ಲಿ ಪ್ಯಾರಿಸ್ ವೈದ್ಯಕೀಯ ವಿದ್ಯಾಲಯದ ಶರೀರಕ್ರಿಯಾಶಾಸ್ತ್ರ ಪೀಠ ಅವರಿಗೆ ದೊರೆಯಿತು. ಮುಂದಿನ ನಾಲ್ಕು ದಶಕಗಳ ಕಾಲ ಅದೇ ಅವರ ಕರ್ಮಭೂಮಿಯಾಯಿತು.

ನರಮಂಡಲದ ವಿಚಾರದಲ್ಲಿ ರಿಶೆ ಅವರಿಗೆ ಮೊದಲಿನಿಂದಲೂ ವಿಶೇಷ ಆಸಕ್ತಿ. ಸಂಮೋಹನ ನಿದ್ರೆಯನ್ನು ಕುರಿತು 1875ರಲ್ಲಿಯೇ ಅವರು ಪ್ರಬಂಧ ಬರೆದಿದ್ದರು. 1893ರಲ್ಲಿ ಆನ್ರಿಯೋ ಎಂಬ ರಸಾಯನಶಾಸ್ತ್ರಜ್ಞರ ಜೊತೆಗೂಡಿ ಕ್ಲೋರಲೋಸ್ ಎಂಬ ನಿದ್ರಾಜನಕ ವಸ್ತುವಿನ ಗುಣಗಳನ್ನು ಬೆಳಕಿಗೆ ತಂದರು. 1899ರಲ್ಲಿ ಮನೋವೈದ್ಯ ಎದುವಾರ್ ತುಲೂಸ್ ಅವರೊಂದಿಗೆ ಮೂರ್ಛೆರೋಗದ ಚಿಕಿತ್ಸೆಯನ್ನು ಕೈಗೆತ್ತಿಕೊಂಡರು. ಅಂದು ಈ ರೋಗಕ್ಕಿದ್ದ ಮುಖ್ಯ ಮದ್ದು ಬ್ರೋಮೈಡ್. ಅದನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ರೋಗಿಗೆ ಮಂಪರು ಕವಿದು ಬುದ್ಧಿ ಮಂದವಾಗುತ್ತಿತ್ತು. ರೋಗಿಯ ಊಟದಲ್ಲಿ ಉಪ್ಪನ್ನು ಕಡಿಮೆ ಮಾಡಿದರೆ ಸ್ವಲ್ಪವೇ ಬ್ರೋಮೈಡ್ ಹೆಚ್ಚಿನ ಫಲ ಕೊಡುತ್ತದೆಂದು ಇವರಿಬ್ಬರೂ ತೋರಿಸಿದರು. ಉಪ್ಪಿನಲ್ಲಿರುವ ಕ್ಲೋರೈಡ್ ಮತ್ತು ಬ್ರೋಮೈಡ್ ಒಂದೇ ಕುಲದ ಲವಣಗಳು. ಒಂದು ಕಡಿಮೆಯಾದಾಗ ಇನ್ನೊಂದು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಬ್ರೋಮೈಡ್‌ಗಿಂತ ಉತ್ತಮವಾದ ಔಷಧಿಗಳು ಬಂದ ಮೇಲೆ ಈ ಕ್ರಮ ಹಿಂದೆ ಸರಿಯಿತು. ಆದರೂ ರೋಗಿಗೆ ಔಷಧಿಯ ಹೊರೆಯನ್ನು ಇಳಿಸುವ ಸದುದ್ದೇಶ ಅದರಲ್ಲಿತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಮಾತು ಮತ್ತೆ ಬರಲಿದೆ.

ರಿಶೆ ಅವರ ಹೆಸರನ್ನು ಅಜರಾಮರಗೊಳಿಸಿದ ಘಟನೆ ಆರಂಭವಾದದ್ದು 1901ರ ಬೇಸಿಗೆಯಲ್ಲಿ. ಮೊನಾಕೊ ಸಂಸ್ಥಾನದ ರಾಜಕುಮಾರ ಒಂದನೆಯ ಆಲ್ಬರ್ಟ್ ಸಮುದ್ರವಿಜ್ಞಾನದಲ್ಲಿ ಅಪಾರ ಶ್ರದ್ಧೆಯುಳ್ಳವರು. ತಮ್ಮ ಹಡಗನ್ನೇ ತೇಲುವ ಪ್ರಯೋಗಶಾಲೆಯಾಗಿಸಿದ್ದರು. ಆ ವರ್ಷ ಅವರು ತಮ್ಮ ಪ್ರಿನ್ಸೆಸ್ ಆಲಿಸ್ ಹಡಗಿನ ಯಾನಕ್ಕೆ ರಿಶೆ ಅವರನ್ನೂ ಪೌಲ್ ಪೋರ್ಟಿಯೆ ಎಂಬ ತರುಣ ವಿಜ್ಞಾನಿಯನ್ನೂ ಆಹ್ವಾನಿಸಿದರು. ಬೆಚ್ಚನೆಯ ಸಾಗರದ ಮೇಲೆ ತೇಲುವ ಫೈಸಾಲಿಯಾ ಎಂಬ ಜೀವಿಯ ವಿಷವನ್ನು ಪರೀಕ್ಷಿಸುವಂತೆ ರಾಜಕುಮಾರರೂ ಅವರ ಸಹಾಯಕ ರಿಶಾರ್ ಅವರೂ ಸೂಚಿಸಿದರು.

ಫೈಸಾಲಿಯಾ ನೋಡುವುದಕ್ಕೆ ನೀಲಿ ಬಣ್ಣದ ಗಾಳಿಚೀಲದಂತಿರುತ್ತದೆ. ಲೋಳೆಮೀನಿನಂತೆ ಕಂಡರೂ ಅದು ಒಂದೇ ಪ್ರಾಣಿಯಲ್ಲ. ಅನೇಕ ಸೂಕ್ಷ್ಮ ಜೀವಿಗಳು ಒಂದಾಗಿ ಬದುಕುವ ಕೂಟ. ಗಾಳಿಚೀಲದ ಕೆಳಗೆ ಮೀಟರುಗಟ್ಟಲೆ ಉದ್ದದ ಎಳೆಗಳು ಜೋತಾಡುತ್ತಿರುತ್ತವೆ. ಆ ಎಳೆಗಳ ಮೇಲೆ ಸಾವಿರಾರು ಕುಟುಕುವ ಕೋಶಗಳಿರುತ್ತವೆ. ಏನಾದರೂ ತಗುಲಿದೊಡನೆ ಪ್ರತಿಯೊಂದು ಕೋಶದಿಂದಲೂ ಸುರುಳಿ ಸುತ್ತಿಟ್ಟ ಸೂಕ್ಷ್ಮ ದಾರ ಚಿಮ್ಮಿ ವಿಷವನ್ನು ಚುಚ್ಚುತ್ತದೆ. ಮೀನು ಅದಕ್ಕೆ ಸಿಕ್ಕಿ ನಿಶ್ಚಲವಾಗುತ್ತದೆ. ಮನುಷ್ಯನಿಗೆ ಸಹಿಸಲಾರದ ಉರಿ ಹತ್ತುತ್ತದೆ. ಇದು ನಮಗೆ ತೀರ ದೂರದ ಜೀವಿಯೇನಲ್ಲ. ಮಳೆಗಾಲದಲ್ಲಿ ಮುಂಬಯಿ ಮತ್ತು ಗೋವಾ ತೀರಗಳಿಗೆ ಇದರ ಬಂಧುಗಳು ಬಂದು ಬೀಳುವುದುಂಟು. ಅಲ್ಲಿ ಇದನ್ನು ಬ್ಲೂ ಬಾಟಲ್ ಎಂದು ಕರೆಯುತ್ತಾರೆ. ದಡದಲ್ಲಿ ಸತ್ತುಬಿದ್ದದ್ದು ಕೂಡ ಕುಟುಕಬಲ್ಲುದು. ಆದುದರಿಂದ ಮಕ್ಕಳು ಅದನ್ನು ಮುಟ್ಟದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.

ಹಡಗಿನಲ್ಲಿಯೇ ವಿಜ್ಞಾನಿಗಳಿಬ್ಬರೂ ಫೈಸಾಲಿಯಾದ ಎಳೆಗಳಿಂದ ಸಾರ ತೆಗೆದು ಬಾತುಕೋಳಿ ಮತ್ತು ಮೊಲಗಳ ಮೇಲೆ ಪ್ರಯೋಗಿಸಿದರು. ವಿಷದ ತೀವ್ರತೆ ಸ್ಪಷ್ಟವಾಯಿತು. ಅದು ನರಗಳನ್ನು ಮಂಕಾಗಿಸಿ ಸಂವೇದನೆಯನ್ನು ಅಡಗಿಸುತ್ತದೆಂದು ಭಾವಿಸಿ ನಿದ್ರಾವಿಷವೆಂಬ ಅರ್ಥದ ಹೆಸರನ್ನು ಅದಕ್ಕೆ ಕೊಟ್ಟರು. ಯಾನ ಮುಗಿದು ಫ್ರಾನ್ಸಿಗೆ ಮರಳಿದ ಮೇಲೆ ಫೈಸಾಲಿಯಾ ದೊರೆಯಲಿಲ್ಲ. ಆದರೆ ಅದೇ ಬಗೆಯ ಕುಟುಕು ಕೋಶಗಳುಳ್ಳ ಅನಿಮೋನ್ ಎಂಬ ಜೀವಿ ಫ್ರಾನ್ಸಿನ ಕರಾವಳಿಯಲ್ಲಿ ಹೇರಳವಾಗಿತ್ತು. ಬಂಡೆಗೆ ಅಂಟಿಕೊಂಡು ಹೂವಿನಂತೆ ಅರಳಿ ನಿಲ್ಲುವುದರಿಂದ ಅದನ್ನು ಕಡಲ ಹೂವೆಂದೇ ಕರೆಯಬಹುದು. ಅದರ ಎಳೆಗಳನ್ನು ಗ್ಲಿಸರಿನ್‌ನಲ್ಲಿ ನೆನೆಸಿ ವಿಷವನ್ನು ಬೇರ್ಪಡಿಸಿ, ಎಷ್ಟು ಪ್ರಮಾಣ ಮಾರಕವೆಂದು ನಾಯಿಗಳ ಮೇಲೆ ಅಳೆಯತೊಡಗಿದರು. ಹೆಚ್ಚು ವಿಷ ಪಡೆದ ನಾಯಿಗಳು ಸಾಮಾನ್ಯವಾಗಿ ನಾಲ್ಕೈದು ದಿನಗಳ ಬಳಿಕ ಸಾಯುತ್ತಿದ್ದವು. ಅಲ್ಪ ಪ್ರಮಾಣ ಪಡೆದವು ಚೇತರಿಸಿಕೊಳ್ಳುತ್ತಿದ್ದವು. ಹಾಗೆ ಬದುಕಿದ ನಾಯಿಗಳನ್ನು ಉಳಿಸಿಕೊಂಡು ಮುಂದಿನ ಪ್ರಯೋಗಕ್ಕೆ ಬಳಸುವುದು ಅವರ ಕ್ರಮವಾಗಿತ್ತು.

ಆ ನಾಯಿಗಳಲ್ಲಿ ಒಂದರ ಹೆಸರು ನೆಪ್ಚೂನ್. ಗಟ್ಟಿಮುಟ್ಟಾದ, ಆರೋಗ್ಯವಂತ ನಾಯಿ. ಮೊದಲು ಅಲ್ಪ ಪ್ರಮಾಣದ ವಿಷ ಕೊಟ್ಟಾಗ ಅದಕ್ಕೆ ಏನೂ ಆಗಿರಲಿಲ್ಲ. ಇಪ್ಪತ್ತೆರಡು ದಿನಗಳ ಬಳಿಕ, 1902ರ ಆರಂಭದಲ್ಲಿ, ಅದೇ ನಾಯಿಗೆ ಅದೇ ಪ್ರಮಾಣದ ವಿಷವನ್ನು ಮತ್ತೆ ಚುಚ್ಚಿದರು. ಕೆಲವೇ ಕ್ಷಣಗಳಲ್ಲಿ ಅದು ಏದುಸಿರು ಬಿಡತೊಡಗಿತು. ಕಾಲು ನಿಲ್ಲದೆ ಪಕ್ಕಕ್ಕೆ ಒರಗಿತು. ಭೇದಿಯಾಗಿ ರಕ್ತ ಕಾರಿತು. ಇಪ್ಪತ್ತೈದು ನಿಮಿಷಗಳಲ್ಲಿ ಸತ್ತುಹೋಯಿತು.

ಈ ಸಾವು ಅಂದಿನ ವೈದ್ಯವಿಜ್ಞಾನದ ನಂಬಿಕೆಯನ್ನೇ ಬುಡಮೇಲು ಮಾಡುವಂಥದು. ಪಾಶ್ಚರ್ ಅವರ ಕಾಲದಿಂದ ವಿಜ್ಞಾನಿಗಳು ಕಲಿತಿದ್ದ ಪಾಠ ಬೇರೆಯೇ ಆಗಿತ್ತು. ರೋಗಾಣುವನ್ನಾಗಲಿ ವಿಷವನ್ನಾಗಲಿ ಅಲ್ಪ ಪ್ರಮಾಣದಲ್ಲಿ ಮೊದಲೇ ಉಂಡ ದೇಹ ಮುಂದೆ ಅದನ್ನು ಎದುರಿಸುವ ಬಲ ಪಡೆಯುತ್ತದೆ. ಲಸಿಕೆಯ ತತ್ತ್ವವೇ ಅದು. ಸ್ವತಃ ರಿಶೆ ಅವರೂ ಆ ದಾರಿಯಲ್ಲಿ ದುಡಿದವರು. 1888ರಲ್ಲಿ ಎರಿಕೂರ್ ಅವರೊಂದಿಗೆ, ರೋಗವನ್ನು ಗೆದ್ದ ಪ್ರಾಣಿಯ ರಕ್ತದಿಂದ ಬೇರೊಂದು ಪ್ರಾಣಿಗೆ ರಕ್ಷಣೆ ಕೊಡಬಹುದೆಂದು ತೋರಿಸಿದ್ದರು. 1890ರಲ್ಲಿ ಮನುಷ್ಯನಿಗೆ ಅಂಥ ರಕ್ತಸಾರದ ಚುಚ್ಚುಮದ್ದನ್ನೂ ಕೊಟ್ಟಿದ್ದರು. ಈ ಲೆಕ್ಕದಲ್ಲಿ ನೆಪ್ಚೂನ್ ಮೊದಲಿಗಿಂತ ಸುರಕ್ಷಿತವಾಗಿರಬೇಕಾಗಿತ್ತು. ಆದರೆ ರಕ್ಷಣೆ ಕೊಡಬೇಕಾದ ಮೊದಲ ಚುಚ್ಚುಮದ್ದೇ ಅದನ್ನು ಎರಡನೆಯದಕ್ಕೆ ಬಲಿಯಾಗಿಸಿತು.

ಇಂಥ ಘಳಿಗೆಯಲ್ಲಿಯೇ ಶೋಧಕನ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುವುದು. ನಾಯಿಗೆ ಒಳಗೊಳಗೇ ಬೇರೆ ರೋಗವಿತ್ತೆಂದೋ, ವಿಷದ ಅಳತೆ ತಪ್ಪಿತೆಂದೋ ಹೇಳಿ ಘಟನೆಯನ್ನು ಬದಿಗೆ ಸರಿಸುವುದು ಸುಲಭವಿತ್ತು. ರಿಶೆ ಮತ್ತು ಪೋರ್ಟಿಯೆ ಹಾಗೆ ಮಾಡಲಿಲ್ಲ. ಬೇರೆ ನಾಯಿಗಳಲ್ಲಿಯೂ ಪರೀಕ್ಷಿಸಿದರು. ಅದೇ ಫಲ ಕಂಡಿತು. ಎರಡು ಚುಚ್ಚುಮದ್ದುಗಳ ನಡುವೆ ಎರಡು ಮೂರು ವಾರಗಳ ಅಂತರ ಇರಬೇಕೆಂಬುದನ್ನೂ ಕಂಡುಕೊಂಡರು. 1902ರ ಫೆಬ್ರವರಿ 15ರಂದು ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದಲ್ಲಿ ತಮ್ಮ ಶೋಧವನ್ನು ಮಂಡಿಸಿದರು. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ ಗ್ರೀಕ್ ಮೂಲದಿಂದ ಅನಾಫಿಲಾಕ್ಸಿಸ್ ಎಂಬ ಹೊಸ ಪದವನ್ನೇ ಕಟ್ಟಿದರು. ತನ್ನ ಊಹೆಗೆ ತಕ್ಕಂತೆ ವಸ್ತುಸ್ಥಿತಿಯನ್ನು ಬಗ್ಗಿಸದೆ, ವಸ್ತುಸ್ಥಿತಿಯ ಮುಂದೆ ತನ್ನ ಊಹೆಯನ್ನು ಬಗ್ಗಿಸುವುದೇ ಜ್ಞಾನದ ಮೊದಲ ಸದ್ಗುಣ. ಸತ್ಯವೆಂದರೆ ಬುದ್ಧಿಯು ವಸ್ತುವಿಗೆ ಹೊಂದಿಕೊಳ್ಳುವುದು ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಅದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಶೋಧದ ಫಲ ಬೇಗನೆ ಹರಡಿತು. ಡಿಫ್ತೀರಿಯಾ ರೋಗಕ್ಕೆ ಕುದುರೆಯ ರಕ್ತಸಾರ ಪಡೆದ ಮಕ್ಕಳಲ್ಲಿ ಕೆಲವರು ಏಕೆ ಕಾಯಿಲೆ ಬೀಳುತ್ತಾರೆಂಬುದು ತಿಳಿಯಿತು. ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ 1906ರಲ್ಲಿ ಅಲರ್ಜಿ ಎಂಬ ಪದವನ್ನು ಬಳಕೆಗೆ ತಂದರು. 1907ರಲ್ಲಿ ರಿಶೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಈ ಸ್ಥಿತಿಯನ್ನು ರಕ್ತಸಾರದ ಮೂಲಕ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸಬಹುದೆಂದು ತೋರಿಸಿದರು. 1913ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಪಾರಿತೋಷಕ ಬಂದಿತು. ಪೋರ್ಟಿಯೆ ಅವರಿಗೆ ಅದರಲ್ಲಿ ಪಾಲು ದೊರೆಯಲಿಲ್ಲ. ದೇಹದ ಒಳಗೆ ಈ ಅನಾಹುತವನ್ನು ಹೂಡುವ ಪ್ರತಿಕಾಯ ಯಾವುದೆಂದು ತಿಳಿಯಲು 1960ರ ದಶಕದವರೆಗೆ ಕಾಯಬೇಕಾಯಿತು. ಮೊದಲ ಬಾರಿ ಒಗ್ಗದ ವಸ್ತು ಒಳಹೊಕ್ಕಾಗ ದೇಹ ಆ ಪ್ರತಿಕಾಯವನ್ನು ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಎರಡನೆಯ ಬಾರಿ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಒಮ್ಮೆಲೇ ಹೊರಬಿದ್ದು ರಕ್ತದೊತ್ತಡ ಕುಸಿಯುತ್ತದೆ, ಉಸಿರ್ನಾಳ ಬಿಗಿಯುತ್ತದೆ.

ಇಂದು ಪೆನ್ಸಿಲಿನ್, ಕಣಜದ ಕಡಿತ, ಸಿಗಡಿ, ನೆಲಗಡಲೆ ಇವುಗಳಿಂದ ಕೆಲವರಿಗೆ ಈ ಅಪಾಯ ಒದಗುವುದುಂಟು. ಮೈಯೆಲ್ಲ ದದ್ದು, ಮುಖ ನಾಲಗೆಗಳ ಊತ, ಉಸಿರಾಟದ ಕಷ್ಟ, ತಲೆಸುತ್ತು ಕಂಡೊಡನೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ತೊಡೆಗೆ ಸಕಾಲದಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ಒಮ್ಮೆ ಒಗ್ಗದ ಔಷಧಿಯ ಹೆಸರನ್ನು ಬರೆದಿಟ್ಟುಕೊಂಡು ಪ್ರತಿ ವೈದ್ಯರಿಗೂ ತಿಳಿಸುವುದು ಪ್ರತಿ ಕುಟುಂಬದ ಕರ್ತವ್ಯ. ನೆಪ್ಚೂನ್ ನಾಯಿಯ ನರಳಾಟಕ್ಕೆ ನಾವು ಸಲ್ಲಿಸಬಹುದಾದ ಋಣ ಅದೊಂದೇ.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಸುಂದರವಾಗಿಯೇ ಇರುತ್ತಿತ್ತು. ರಿಶೆ ಬಹುಮುಖ ಪ್ರತಿಭೆಯವರು. ಕಾವ್ಯ, ಕಾದಂಬರಿ, ನಾಟಕಗಳನ್ನು ಬರೆದರು. 1907ರಲ್ಲಿ ಬ್ರೆಗೆ ಸಹೋದರರು ನಿರ್ಮಿಸಿದ, ನೆಲದಿಂದ ನೇರವಾಗಿ ಮೇಲೇಳುವ ಆದಿಮ ವಿಮಾನಕ್ಕೆ ನೆರವಾದರು. ದೇಶದೇಶಗಳ ನಡುವಣ ಜಗಳಗಳು ಯುದ್ಧದಿಂದಲ್ಲ, ಮಧ್ಯಸ್ಥಿಕೆಯಿಂದ ಬಗೆಹರಿಯಬೇಕೆಂದು ದಣಿಯದೆ ವಾದಿಸಿದರು. ಆದರೆ ಇದೇ ಮನುಷ್ಯನ ಬಾಳಿನಲ್ಲಿ ಎರಡು ಕತ್ತಲ ಕೋಣೆಗಳೂ ಇದ್ದವು.

ಮೊದಲನೆಯದು ಅಕ್ಷರಶಃ ಕತ್ತಲ ಕೋಣೆಯೇ. ಸತ್ತವರ ರೂಪಗಳನ್ನು ಬರಮಾಡುತ್ತೇವೆನ್ನುವ ಮಾಧ್ಯಮಿಗಳ ಕೂಟಗಳಿಗೆ ರಿಶೆ ಹೋಗತೊಡಗಿದರು. ಅವರ ದೇಹದಿಂದ ಹೊರಬರುವುದೆನ್ನಲಾದ ವಸ್ತುವಿಗೆ ಎಕ್ಟೋಪ್ಲಾಸಂ ಎಂದು ಹೆಸರಿಟ್ಟವರೂ ಅವರೇ. 1905ರಲ್ಲಿ ಅಲ್ಜಿಯರ್ಸ್ ನಗರದ ಒಂದು ಬಂಗಲೆಯಲ್ಲಿ ಭೂತದರ್ಶನವಾಯಿತೆಂದು ನಂಬಿ ವರದಿ ಬರೆದರು. ಬಳಿಕ ಅದೇ ಮನೆಯಲ್ಲಿ ಹಿಂದೆ ಕೆಲಸಕ್ಕಿದ್ದ ಗಾಡಿಯಾಳು ಆ ವೇಷ ಹಾಕಿದವನು ತಾನೇ ಎಂದು ಬಹಿರಂಗವಾಗಿ ಹೇಳಿದ. ಆದರೂ ರಿಶೆ ತಮ್ಮ ನಂಬಿಕೆಯನ್ನು ಬಿಡಲಿಲ್ಲ. 1922ರಲ್ಲಿ ಈ ವಿಷಯವಾಗಿ ಬೃಹತ್ ಗ್ರಂಥವನ್ನೇ ಪ್ರಕಟಿಸಿದರು. ಇಂಥ ಕೂಟಗಳಲ್ಲಿ ವಿಶ್ವಾಸಿಗಳು ಪಾಲ್ಗೊಳ್ಳಕೂಡದೆಂದು ಧರ್ಮಸಭೆ 1917ರಲ್ಲಿ ನಿರ್ಬಂಧಿಸಿತ್ತು. ಪ್ರಯೋಗಶಾಲೆಯಲ್ಲಿ ತನ್ನ ಕಣ್ಣನ್ನೇ ಮತ್ತೆ ಮತ್ತೆ ಪರೀಕ್ಷಿಸಿಕೊಂಡ ವಿಜ್ಞಾನಿ ಅಲ್ಲಿ ನಂಬಬೇಕೆಂಬ ಹಂಬಲಕ್ಕೆ ಶರಣಾದರು.

ಎರಡನೆಯ ಕತ್ತಲೆ ಇನ್ನೂ ದಟ್ಟವಾದದ್ದು. ಮಾನವ ಕುಲವನ್ನು ತಳಿಶುದ್ಧಿಯಿಂದ ಉತ್ತಮಗೊಳಿಸಬೇಕೆಂಬ ಸುಜನನವಾದಕ್ಕೆ ರಿಶೆ ಬೆಂಬಲಿಗರಾದರು. ಮಾನವರ ಆಯ್ಕೆಯನ್ನು ಕುರಿತ ಅವರ ಗ್ರಂಥ 1919ರಲ್ಲಿ ಹೊರಬಂದಿತು. ಬಿಳಿಯರಲ್ಲದ ಜನಾಂಗಗಳು ಕೀಳೆಂದೂ ಅವರೊಡನೆ ರಕ್ತಸಂಬಂಧ ಕೂಡದೆಂದೂ, ಊನವುಳ್ಳ ಶಿಶುಗಳನ್ನು ಉಳಿಸಿಕೊಳ್ಳುವುದು ಸಮಾಜಕ್ಕೆ ಹಿತವಲ್ಲವೆಂದೂ ಅವರು ಅದರಲ್ಲಿ ಪ್ರತಿಪಾದಿಸಿದರು. 1920ರಿಂದ 1926ರವರೆಗೆ ಫ್ರಾನ್ಸಿನ ಸುಜನನ ಸಂಘದ ಅಧ್ಯಕ್ಷರೂ ಆಗಿದ್ದರು. ಯುದ್ಧವನ್ನು ದ್ವೇಷಿಸಿದ ಮನುಷ್ಯ, ದುರ್ಬಲರ ಬದುಕಿನ ಹಕ್ಕನ್ನೇ ಪ್ರಶ್ನಿಸಿದರು.

ಈ ವಾದ ಅಂದು ಅನೇಕ ದೇಶಗಳ ವಿದ್ಯಾವಂತರಲ್ಲಿ ಮನ್ನಣೆ ಪಡೆದಿತ್ತೆಂಬುದು ನಿಜ. ಆದರೆ ಅದನ್ನು ಧಿಕ್ಕರಿಸಿದ ದನಿಯೂ ಅದೇ ಕಾಲದಲ್ಲಿ ಕೇಳಿಬಂದಿತು. ಪೋಪ್ ಹನ್ನೊಂದನೆಯ ಪಿಯುಸ್ ಅವರು 1930ರ ಡಿಸೆಂಬರ್ 31ರಂದು ಕ್ರೈಸ್ತ ವಿವಾಹದ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ, ಕುಲಸುಧಾರಣೆಯ ಹೆಸರಿನಲ್ಲಿ ವಿವಾಹದ ಹಕ್ಕನ್ನು ಕಸಿಯುವುದನ್ನೂ ಬಲವಂತದ ಸಂತಾನಹರಣವನ್ನೂ ಖಂಡಿಸಿದರು. ಮನುಷ್ಯರ ಮೈಯ ಮೇಲೆ ರಾಜ್ಯಕ್ಕೆ ಅಂಥ ಅಧಿಕಾರವಿಲ್ಲವೆಂದು ಸಾರಿದರು. ಆಗ ರಿಶೆ ಇನ್ನೂ ಬದುಕಿದ್ದರು. 1933ರಲ್ಲಿ ಹಿಟ್ಲರನ ಜರ್ಮನಿ ಬಲವಂತದ ಸಂತಾನಹರಣ ಶಾಸನವನ್ನು ತಂದಿತು. ಅದು ಪಟ್ಟಿ ಮಾಡಿದ ರೋಗಗಳಲ್ಲಿ ಆನುವಂಶಿಕ ಮೂರ್ಛೆರೋಗವೂ ಒಂದು! 1899ರಲ್ಲಿ ರಿಶೆ ಯಾವ ರೋಗಿಗಳ ಹೊರೆ ಇಳಿಸಲು ದುಡಿದಿದ್ದರೋ, ಅಂಥವರನ್ನೇ ಆ ಶಾಸನ ಬೇಟೆಯಾಡಿತು. ಆ ಶಾಸನವನ್ನು ರಿಶೆ ಬರೆಯಲಿಲ್ಲ, ನಿಜ. ಆದರೆ ಅಂಥ ಶಾಸನಕ್ಕೆ ಜನರ ಮನಸ್ಸನ್ನು ಹದಗೊಳಿಸಿದವರಲ್ಲಿ ಅವರ ವರ್ಗದ ವಿದ್ವಾಂಸರಿದ್ದರೆಂಬುದನ್ನು ಮರೆಯಲಾಗದು.

1935ರ ಡಿಸೆಂಬರ್‌ನಲ್ಲಿ ರಿಶೆ ಪ್ಯಾರಿಸ್ಸಿನಲ್ಲಿ ಕಾಲವಾದರು. ಬಳಿಕ ನಡೆದ ಎರಡು ಸಂಗತಿಗಳನ್ನು ನಾವಿಲ್ಲಿ ಹೇಳಲೇಬೇಕು. ತಂದೆಯ ಹೆಸರನ್ನೇ ಹೊತ್ತಿದ್ದ ವೈದ್ಯ ಮಗ ಶಾರ್ಲ್ ರಿಶೆ ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧದ ಹೋರಾಟಕ್ಕೆ ನಿಂತು ಸೆರೆಸಿಕ್ಕಿ, 1944ರಲ್ಲಿ ಬುಖೆನ್‌ವಾಲ್ಡ್ ಯಾತನಾ ಶಿಬಿರಕ್ಕೆ ಸಾಗಿಸಲ್ಪಟ್ಟರು. ಅಲ್ಲಿ ಸಹಬಂದಿಗಳ ಶುಶ್ರೂಷೆ ಮಾಡಿ ಬದುಕಿ ಬಂದರು. ಕೆಲವರ ಬದುಕು ಬದುಕಲು ಯೋಗ್ಯವಲ್ಲ ಎನ್ನುವ ವಾದ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ತಂದೆ ನೋಡಲಿಲ್ಲ, ಮಗ ನೋಡಿದರು.

ಎರಡನೆಯದು ಒಂದು ಆಸ್ಪತ್ರೆಯ ಹೆಸರಿನ ಸಂಗತಿ. ಪ್ಯಾರಿಸ್ ಸಮೀಪದ ವಿಲಿಯೆ-ಲೆ-ಬೆಲ್ ಊರಿನ ಆಸ್ಪತ್ರೆಗೆ ರಿಶೆ ಅವರ ಹೆಸರಿತ್ತು. ಅವರ ಜನಾಂಗವಾದದ ಬರಹಗಳ ಕುರಿತು ಆಕ್ಷೇಪವೆದ್ದಾಗ 2015ರಲ್ಲಿ ಆ ಹೆಸರನ್ನು ತೆಗೆದು ಅದೆಲಾಯಿದ್ ಒತ್ವಾಲ್ ಎಂಬ ಮನೋವೈದ್ಯೆಯ ಹೆಸರನ್ನಿಟ್ಟರು. ಆಕೆ ಪ್ರೊಟೆಸ್ಟೆಂಟ್ ಸಭಾಪಾಲಕರ ಮಗಳು. ಯೆಹೂದ್ಯರ ಪರ ನಿಂತ ಕಾರಣಕ್ಕೆ ಆಶ್ವಿಟ್ಸ್ ಶಿಬಿರಕ್ಕೆ ತಳ್ಳಲ್ಪಟ್ಟವರು. ಅಲ್ಲಿ ಬಂದಿ ಸ್ತ್ರೀಯರ ಮೇಲೆ ನಡೆಯುತ್ತಿದ್ದ ಕ್ರೂರ ವೈದ್ಯಕೀಯ ಪ್ರಯೋಗಗಳಿಗೆ ನೆರವಾಗಲು, ಪ್ರಾಣಭಯವಿದ್ದರೂ, ಆಕೆ ಒಪ್ಪಲಿಲ್ಲ. ಆಕೆಗೆ ನೊಬೆಲ್ ಪಾರಿತೋಷಕ ಬರಲಿಲ್ಲ. ವಿಜ್ಞಾನಕ್ಕೆ ಹೊಸ ಪದವನ್ನು ಆಕೆ ಕೊಡಲಿಲ್ಲ. ಕೊಡಬಾರದ ಸಮ್ಮತಿಯನ್ನು ಕೊಡಲಿಲ್ಲ, ಅಷ್ಟೇ. ರೋಗಿಗಳು ಮಲಗುವ ಮನೆಗೆ ಆ ಹೆಸರೇ ತಕ್ಕದ್ದೆಂದು ಜನ ತೀರ್ಮಾನಿಸಿದರು.

ಹಾಗಾದರೆ ರಿಶೆ ಅವರ ಶೋಧವನ್ನು ನಾವು ತಿರಸ್ಕರಿಸಬೇಕೇ? ಖಂಡಿತ ಇಲ್ಲ. ಸತ್ಯವನ್ನು ಯಾರು ಕಂಡರೂ ಅದು ಸತ್ಯವೇ. ಅವರ ಶೋಧದಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ವಿದ್ಯೆ ಬೇರೆ, ವಿವೇಕ ಬೇರೆ. ಒಂದು ಕ್ಷೇತ್ರದಲ್ಲಿ ಸತ್ಯಕ್ಕೆ ತಲೆಬಾಗಿದವನು ಎಲ್ಲ ಕ್ಷೇತ್ರಗಳಲ್ಲಿಯೂ ತಲೆಬಾಗುತ್ತಾನೆಂಬ ಭರವಸೆಯಿಲ್ಲ. ಒಂದು ನಾಯಿಯ ಸಾವು ರಿಶೆ ಅವರ ಸಿದ್ಧಾಂತವನ್ನು ಬದಲಿಸಿತು. ಜೀವಂತ ಮನುಷ್ಯರ ಮುಖ ಮಾತ್ರ ಅವರ ಪೂರ್ವಗ್ರಹವನ್ನು ಬದಲಿಸಲಿಲ್ಲ. ದೊಡ್ಡ ವಿದ್ವಾಂಸರು ಹೇಳಿದರೆಂಬ ಕಾರಣಕ್ಕೆ ಮನುಷ್ಯರಿಗೆ ಬೆಲೆಕಟ್ಟುವ ಮಾತನ್ನು ನಾವು ಒಪ್ಪಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಈ ಪಾಠ ಫ್ರಾನ್ಸಿಗೆ ಮಾತ್ರ ಸೇರಿದ್ದಲ್ಲ. ನಮ್ಮ ದೇಶದ ಹಿಂದೂ ವಿವಾಹ ಕಾಯಿದೆಯಲ್ಲಿಯೂ ವಿಶೇಷ ವಿವಾಹ ಕಾಯಿದೆಯಲ್ಲಿಯೂ ಮೂರ್ಛೆರೋಗವುಳ್ಳವರ ವಿವಾಹಕ್ಕೆ ಅಡ್ಡಿಯಾಗುವ ಮಾತಿತ್ತು. 1999ರಲ್ಲಿ ಮಾತ್ರ ಅದನ್ನು ತೆಗೆದುಹಾಕಲಾಯಿತು. ಕಾಯಿದೆಯಿಂದ ಹೋದದ್ದು ಮನಸ್ಸಿನಿಂದ ಹೋಗಿದೆಯೇ ಎಂದು ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕು. ಸಂಬಂಧ ಕುದುರಿಸುವಾಗ ಮೂರ್ಛೆರೋಗದ ಮಗಳನ್ನು ಬಚ್ಚಿಡುವ ಮನೆಗಳುಂಟು. ಬುದ್ಧಿ ಬೆಳೆಯದ ಮಗನನ್ನು ಹಬ್ಬದ ದಿನ ಒಳಕೋಣೆಯಲ್ಲಿ ಕೂರಿಸುವ ಮನೆಗಳುಂಟು. ಈ ಮಕ್ಕಳಿಗೆ ಇಂದು ಔಷಧಿಯಿದೆ, ಶಿಕ್ಷಣವಿದೆ. ಮೂರ್ಛೆರೋಗವುಳ್ಳವರಲ್ಲಿ ಬಹುಪಾಲು ಜನ ಕ್ರಮವಾಗಿ ಔಷಧಿ ತೆಗೆದುಕೊಂಡು ಎಲ್ಲರಂತೆ ಬದುಕುತ್ತಾರೆ. ಅವರಿಗೆ ಕೊರತೆಯಾಗಿರುವುದು ಮನೆಯವರೂ ನೆರೆಯವರೂ ಪಂಕ್ತಿಯಲ್ಲಿ ಪಕ್ಕಕ್ಕೆ ಕರೆದು ಕೂರಿಸುವ ಪ್ರೀತಿ. ದೇವರ ಪ್ರತಿರೂಪವನ್ನು ಹೊತ್ತ ಯಾವ ಜೀವಿಗೂ ತನ್ನ ಬೆಲೆಯನ್ನು ರುಜುವಾತು ಮಾಡಬೇಕಾದ ಹಂಗಿಲ್ಲ. ಅಂಥ ಮಗುವೊಂದು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ, ಬರುವ ಹಬ್ಬದಲ್ಲಿ ಅದರ ಜಾಗ ಒಳಕೋಣೆಯಲ್ಲಿರದಿರಲಿ. ಎಲ್ಲರ ನಡುವೆ ಇರಲಿ.